ಗೋಣಿಕೊಪ್ಪದ ಸಂಜೆ ಬಾಕ್ಸಿಂಗ್ ಕ್ಲಾಸು, ಗೋಡೆ ಮೇಲೆ ಪೊಪೆಂಚೆಂಕೊ

ಹಾಕಿ ಬಿಟ್ಟರೆ ಬೇರೆ ಆಟದ ಮಾತೇ ಎತ್ತದ ನಮ್ಮ ಕಡೆ ಬಾಕ್ಸಿಂಗ್ ಕಲಿಸುವವರು ಸಿಕ್ಕಿದ್ದೇ ದೊಡ್ಡದು. ಗೋಣಿಕೊಪ್ಪದ ಹಳೇ ಕಾಫಿ ಗೋದಾಮಿನಲ್ಲಿ ಕ್ಲಾಸು. ಮಗನನ್ನು ಸೇರಿಸಿದ್ದೇನೆ. ಕೋಚ್ ರಿಟೈರಾದ ಸುಬೇದಾರರು. ಕಲಿಸುವುದು ಚೆನ್ನಾಗಿದೆ, ಮಾತು ಸ್ವಲ್ಪ ಜಾಸ್ತಿ. ಆ ಮಾತು ಕೇಳೋಕೇ ನಾನೂ ಬೆಂಚಿನಲ್ಲಿ ಕೂತಿರುತ್ತೇನೆ.

ಗೋಡೆಗೆ ಒಂದೇ ಫೋಟೊ: ಸೋವಿಯತ್ ಒಕ್ಕೂಟದ ಮಿಡಲ್‌ವೇಟ್ ಬಾಕ್ಸರ್ ವಲೇರಿ ಪೊಪೆಂಚೆಂಕೊ. ಕೈ ಕೆಳಗೆ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತಿದ್ದಾನೆ. ಬಾಕ್ಸಿಂಗಿನಲ್ಲಿ ಮುಖ ಕಾಯೋಕೆ ಕೈ ಮೇಲಿರಬೇಕು; ಕೈ ಇಳಿಸಿದರೆ ಚುರುಕು ಕಾಲಿನಿಂದಲೇ ಏಟು ತಪ್ಪಿಸಿಕೊಳ್ಳಬೇಕು. ಅದಕ್ಕೇ ಹುಡುಗರು ಹಾಗೆ ನಿಂತರೆ ಸುಬೇದಾರರು ಬಿಡುವುದಿಲ್ಲ. "ಅವನ ಕಾಲು ನಿನಗಿದೆಯಾ ಮಗಾ? ಕೈ ಎತ್ತು!"

ಕಥೆ ಶುರುವಾಗುವುದು ತಾಷ್ಕೆಂಟಿನ ಸುವೊರೊವ್ ಶಾಲೆಯಿಂದ. ನಮ್ಮ ಕೂಡಿಗೆ ಸೈನಿಕ ಶಾಲೆ ಇದೆಯಲ್ಲ, ಆ ಥರದ್ದು. 1959ರಲ್ಲಿ ದೇಶದ ಚಾಂಪಿಯನ್ ಆದ. ಆದರೂ 1960ರ ರೋಮ್ ಒಲಿಂಪಿಕ್ಸಿಗೆ ಕಳಿಸಿದ್ದು ಬೇರೆಯವನನ್ನು. ಹಠ ಬಿಡದೆ 1964ರಲ್ಲಿ ಟೋಕಿಯೊಗೆ ಹೋದ. ರೋಮ್‌ನಲ್ಲಿ ಬೆಳ್ಳಿ ಗೆದ್ದಿದ್ದ ಪೋಲೆಂಡಿನ ವಲಾಸೆಕ್‌ನನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ. ಫೈನಲ್‌ನಲ್ಲಿ ಜರ್ಮನಿಯ ಎಮಿಲ್ ಶುಲ್ಜ್ ಮೊದಲ ಸುತ್ತೇ ದಾಟಲಿಲ್ಲ. ಚಿನ್ನದ ಜೊತೆ ವಾಲ್ ಬಾರ್ಕರ್ ಟ್ರೋಫಿಯೂ ಬಂತು. ಒಲಿಂಪಿಕ್ಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ಬಾಕ್ಸರ್‌ಗೆ ಕೊಡುವ ಟ್ರೋಫಿ ಅದು. ಕೈ ಇಳಿಬಿಟ್ಟವನಿಗೆ! ಒಟ್ಟು 213 ಪಂದ್ಯ, 200 ಗೆಲುವು. ಆ ದೇಶದಲ್ಲಿ ದುಡ್ಡಿಗಾಗಿ ಬಾಕ್ಸಿಂಗ್ ಆಡುವ ಹಾಗೇ ಇರಲಿಲ್ಲ. ರಿಂಗ್ ಬಿಟ್ಟ ಮೇಲೆ ಮಾಸ್ಕೋದ ಬೌಮನ್ ತಾಂತ್ರಿಕ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥನಾದ. 1975ರಲ್ಲಿ ಅಲ್ಲೇ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಬರೀ 37 ವರ್ಷ. ಇಷ್ಟು ಹೇಳಿ ಸುಬೇದಾರರು ಸೀಟಿ ಊದುತ್ತಾರೆ: "ಏನು ನೋಡ್ತೀರಾ, ಸ್ಕಿಪ್ಪಿಂಗ್!"

ಹೋಂವರ್ಕ್ ಮುಗಿಸದೆ ಬಂದವರನ್ನು ರಿಂಗಿಗೆ ಬಿಡುವುದಿಲ್ಲ. ಇದೂ ಪೊಪೆಂಚೆಂಕೊ ಲೆಕ್ಕವೇ: ಅವನು ಆಡುತ್ತಲೇ ಓದಿದವನು ಅಂತ. ನನಗಂತೂ ಇದು ತುಂಬಾ ಹಿಡಿಸಿತು.

ತೊಂದರೆ ಇಲ್ಲ ಅಂತಲ್ಲ. ಪಂಚಿಂಗ್ ಬ್ಯಾಗ್ ಒಂದೇ, ಸರದಿ ಕಾಯಬೇಕು. ಮಳೆಗಾಲದಲ್ಲಿ ಅಲ್ಲಿನ ಗ್ಲೌಸ್ ಒಣಗುವುದೇ ಇಲ್ಲ. ಒಳಗೆ ಕೈ ಹಾಕಿದರೆ ಚಳಿ, ತೆಗೆದರೆ ಬೂಷ್ಟಿನ ವಾಸನೆ. ನಾವು ಸ್ವಂತ ಜೊತೆ ಕೊಂಡು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಹೊಗೆ ವಾಸನೆ ಬರುತ್ತದೆ, ಅದೇ ವಾಸಿ.

ತೂಕ ಇಳಿಸೋಕೆ ಅಂತ ಹೋಗುವವರಿಗೆ ಇದು ಸರಿ ಹೋಗಲ್ಲ. ಶುರುವಿನಲ್ಲಿ ಬರೀ ಕಾಲಿನ ಅಭ್ಯಾಸ, ಗ್ಲೌಸ್ ಮುಟ್ಟಿಸುವುದೂ ಇಲ್ಲ. ಮಕ್ಕಳನ್ನು ಸೇರಿಸುವವರು ಕೈಗೆ ಸುತ್ತುವ ಬ್ಯಾಂಡೇಜ್ ಮನೆಯಿಂದಲೇ ಕಳಿಸಿ.