ಶಿಯಾನ್‌ನ ದಾಯಾನ್ ಗೋಪುರ: 40 ನಿಮಿಷ ಸಾಲದು

ಚೀನಾದ ಶಿಯಾನ್‌ಗೆ ಹೋಗುವವರಿಗೆಲ್ಲ ಹಳೆಯ ಚಕ್ರವರ್ತಿಯ ಸಮಾಧಿ ಕಾಯುವ ಮಣ್ಣಿನ ಸೈನಿಕರದೇ (ಟೆರಾಕೋಟಾ ಆರ್ಮಿ) ಧ್ಯಾನ. ನಾನೂ ನೋಡಿ ಬಂದೆ, ನೋಡಲೇಬೇಕಾದದ್ದೇ. ಆದರೆ ಬಾದಾಮಿ ಸೀಮೆಯ ಹೈಸ್ಕೂಲಿನಲ್ಲಿ 28 ವರ್ಷ ಸಮಾಜ ಪಾಠ ಹೇಳಿದ ನನ್ನನ್ನು ಆ ಊರಿಗೆ ಎಳೆದದ್ದು ಹ್ಯೂಯೆನ್ ತ್ಸಾಂಗ್. 'ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಯಾರು?' ಎಂಬ ಒಂದು ಅಂಕದ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆತ ಭಾರತದಿಂದ ಹೊತ್ತು ತಂದ ಗ್ರಂಥಗಳಿಗೆಂದೇ ಕಟ್ಟಿದ ಗೋಪುರ ಇನ್ನೂ ನಿಂತಿದೆ ಎಂದ ಮೇಲೆ ನೋಡದೆ ಹೇಗಿರಲಿ?

ನಾವು ಹೋಗಿದ್ದು ಬೀಜಿಂಗ್, ಶಿಯಾನ್, ಶಾಂಘೈ ಮೂರನ್ನೂ 8 ದಿನದಲ್ಲಿ ತೋರಿಸುವ ಪ್ಯಾಕೇಜಿನಲ್ಲಿ. ಅದರಲ್ಲಿ ಈ ಗೋಪುರಕ್ಕೆ ಕೊಟ್ಟಿದ್ದು 40 ನಿಮಿಷ. ಅರ್ಧ ಹೊತ್ತು ದಕ್ಷಿಣದ ಚೌಕದಲ್ಲಿರುವ ಆತನ ದೊಡ್ಡ ಪ್ರತಿಮೆಯ ಮುಂದೆ ಗ್ರೂಪ್ ಫೋಟೋಗೇ ಹೋಯಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಮರುದಿನ ಬೆಳಿಗ್ಗೆ ಉಳಿದವರು ರೇಷ್ಮೆ ಅಂಗಡಿಗೆ ಹೊರಟಾಗ ನಾನೂ ನನ್ನ ತಂಗಿಯೂ ಮೆಟ್ರೋ ಹತ್ತಿ ವಾಪಸ್ ಹೋದೆವು. 3ನೇ ಮತ್ತು 4ನೇ ಲೈನ್ ಎರಡೂ ದಾಯಾನ್‌ಟಾ ಸ್ಟೇಷನ್ನಿಗೆ ಬರುತ್ತವೆ. ಬೋರ್ಡುಗಳು ಇಂಗ್ಲಿಷಿನಲ್ಲೂ ಇವೆ, ದಾರಿ ತಪ್ಪುವ ಭಯವಿಲ್ಲ.

ಗೋಪುರ ಇರುವುದು ದಾ ಸಿಅನ್ ದೇವಾಲಯದ ಅಂಗಳದಲ್ಲಿ. ಹ್ಯೂಯೆನ್ ತ್ಸಾಂಗ್ 645ರಲ್ಲಿ ಚಾಂಗಾನ್‌ಗೆ, ಅಂದರೆ ಇದೇ ಶಿಯಾನ್‌ಗೆ ಮರಳಿದಾಗ ಜೊತೆಗೆ ತಂದದ್ದು 657 ಗ್ರಂಥಗಳು. 652ರಲ್ಲಿ ಗೋಪುರ ಎದ್ದಿತು. ಆಗ ಇದ್ದದ್ದು ಐದೇ ಅಂತಸ್ತು. ಸಾಮ್ರಾಜ್ಞಿ ವೂ ಜೆಟಿಯನ್ ಕಾಲದಲ್ಲಿ ಹೊಸದಾಗಿ ಕಟ್ಟಿಸಿದರು. ಈಗ ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ. ದೂರದಿಂದ ನೋಡಿದರೆ ಶಿಲ್ಪವಿಲ್ಲ, ಬಣ್ಣವಿಲ್ಲ, ಬರೀ ಇಟ್ಟಿಗೆ. ಐಹೊಳೆ, ಪಟ್ಟದಕಲ್ಲಿನ ಕಲ್ಲುಗಳನ್ನು ನೋಡಿ ಬೆಳೆದ ಕಣ್ಣಿಗೆ ಮೊದಲು ಅದು ಬೋಳು ಅನ್ನಿಸಿತು. ಹತ್ತಿರ ಹೋಗಿ ತಲೆ ಎತ್ತಿದಾಗ, ಮೇಲೆ ಹೋಗುತ್ತ ಸಣ್ಣದಾಗುವ ಆ ಚೌಕ ಅಂತಸ್ತುಗಳ ಗಾಂಭೀರ್ಯ ತಿಳಿಯಿತು. ಒಂದು ಕಡೆಗೆ ತುಸು ವಾಲಿರುವುದೂ ಕಾಣುತ್ತದೆ.

ಹೆಸರಿನ ಅರ್ಥ 'ದೊಡ್ಡ ಕಾಡು ಹೆಬ್ಬಾತಿನ ಗೋಪುರ'. ಅದರ ಹಿಂದಿನ ಕಥೆಯೂ ನಮ್ಮ ನೆಲದ್ದೇ. ಮಗಧದಲ್ಲಿ ಹಸಿದ ಭಿಕ್ಷುವೊಬ್ಬ ಹಾರುವ ಹೆಬ್ಬಾತುಗಳನ್ನು ನೋಡಿ ಊಟದ ಆಸೆಪಟ್ಟನಂತೆ. ಕೂಡಲೇ ಒಂದು ಹಕ್ಕಿ ಆಕಾಶದಿಂದ ಅವನ ಮುಂದೆ ಬಿದ್ದು ಸತ್ತಿತು. ಭಿಕ್ಷುಗಳು ನಾಚಿ ಮಾಂಸ ಬಿಟ್ಟು, ಆ ಹಕ್ಕಿಗಾಗಿ ಸ್ತೂಪ ಕಟ್ಟಿದರು.

ಗೋಪುರದ ದಕ್ಷಿಣದ ಬಾಗಿಲನ್ನು ದಯವಿಟ್ಟು ದಾಟಿ ಓಡಬೇಡಿ. ಎರಡೂ ಪಕ್ಕದಲ್ಲಿ 653ರ ಶಿಲಾಶಾಸನಗಳಿವೆ. ಹ್ಯೂಯೆನ್ ತ್ಸಾಂಗ್‌ನ ಅನುವಾದ ಕಾರ್ಯವನ್ನು ಹೊಗಳಿ ತಾಯ್‌ಜೋಂಗ್ ಮತ್ತು ಗಾವ್‌ಜೋಂಗ್ ಚಕ್ರವರ್ತಿಗಳು, ತಂದೆ ಮತ್ತು ಮಗ, ಬರೆದ ಮಾತುಗಳು. ಅವನ್ನು ಅಂದದ ಅಕ್ಷರದಲ್ಲಿ ಬರೆದುಕೊಟ್ಟವನು ಲಿಪಿಕಾರ ಚು ಸುಯ್‌ಲಿಯಾಂಗ್. ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ, ಎದುರುಬದುರು ಕನ್ನಡಿ ಹಿಡಿದಂತೆ. ನಮ್ಮ ಐಹೊಳೆಯ ಮೇಗುತಿ ಗುಡಿಯಲ್ಲಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ 634ರದ್ದು. ಹತ್ತೊಂಬತ್ತೇ ವರ್ಷದ ಅಂತರ! ನಾನು ಅಲ್ಲೇ ತುಂಬ ಹೊತ್ತು ನಿಂತೆ.

ಮೇಲೆ ಹತ್ತಲು ಬೇರೆ ಟಿಕೆಟ್. ಮರದ ಮೆಟ್ಟಿಲು ಇಕ್ಕಟ್ಟು, ಎದುರು ಬರುವವರಿಗೆ ಜಾಗ ಬಿಡುತ್ತಲೇ ಹತ್ತಬೇಕು. ಕಮಾನಿನ ಕಿಂಡಿಯಿಂದ ದಕ್ಷಿಣಕ್ಕೆ ನೇರ ಹರಿಯುವ ರಸ್ತೆ ಚೆಂದ. ಮಂಡಿ ನೋವಿದ್ದವರು ಹತ್ತದಿದ್ದರೂ ನಷ್ಟವಿಲ್ಲ. ಆ ಶಕ್ತಿಯನ್ನು ಹಿಂಭಾಗದ ಉತ್ತರದ ಅಂಗಳಕ್ಕೆ ಉಳಿಸಿಕೊಳ್ಳಿ. ಅಲ್ಲಿ ಹ್ಯೂಯೆನ್ ತ್ಸಾಂಗ್ ಹೆಸರಿನ ಮಂದಿರವಿದೆ, ಗೋಡೆಗಳ ತುಂಬ ಜೀವನಚಿತ್ರ. ನಲಂದಾದ ಓದನ್ನು, ಹರ್ಷನ ಸಭೆಯನ್ನು ನಾನು ಗುರುತು ಹಿಡಿದೆ. ಪುಲಕೇಶಿಯನ್ನು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಅಲ್ಲೇ ಸ್ಕೆಚ್ ಮಾಡುತ್ತಿದ್ದ ಕಾಲೇಜು ಹುಡುಗಿಗೆ ಫೋನಿನ ಅನುವಾದದಲ್ಲಿ ಹೇಳಿದೆ: ಈತ ನಮ್ಮ ಊರಿನ ರಾಜನ ಬಗ್ಗೆಯೂ ಬರೆದಿದ್ದಾನೆ, ಹರ್ಷನಿಗೂ ಅವನನ್ನು ಗೆಲ್ಲಲಾಗಲಿಲ್ಲ ಎಂದಿದ್ದಾನೆ. ಸೋತು ಬಂದ ಸೇನಾಪತಿಗೆ ಹೆಂಗಸರ ಉಡುಪು ಕೊಡುತ್ತಿದ್ದರು, ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಿದ್ದರು ಎಂಬುದನ್ನೂ ಹೇಳಿದೆ. ಆಕೆ ಪೆನ್ಸಿಲ್ ಕೆಳಗಿಟ್ಟು ಎರಡು ಸಲ ಓದಿದಳು. ಬಾದಾಮಿಯ ಕೆಂಪು ಬಂಡೆ, ಕೆರೆಯ ಫೋಟೋ ತೋರಿಸಿದೆ. ತನ್ನ ಪುಸ್ತಕದ ಮೂಲೆಯಲ್ಲಿ ಆ ಬಂಡೆಯನ್ನೇ ಬರೆದು ತೋರಿಸಿದಳು. ನನ್ನ ಕಣ್ಣು ತುಂಬಿ ಬಂತು.

ಒಂದು ಮಾತು ನೆನಪಿಡಿ, ಅಲ್ಲಿ 'ಹ್ಯೂಯೆನ್ ತ್ಸಾಂಗ್' ಎಂದರೆ ಯಾರಿಗೂ ತಿಳಿಯುವುದಿಲ್ಲ, 'ಶ್ವೆನ್‌ಜಾಂಗ್' ಅನ್ನಬೇಕು. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಫೋನಿನಲ್ಲೇ ಹಣ ಕೊಡುವ ಅಲಿಪೇ ಆ್ಯಪ್‌ಗೆ ನಮ್ಮ ಬ್ಯಾಂಕ್ ಕಾರ್ಡನ್ನು ಊರಲ್ಲೇ ಜೋಡಿಸಿಕೊಂಡು ಹೋಗಿ, ನೀರಿನ ಬಾಟಲಿಗೂ ಹೆಚ್ಚಾಗಿ ಅದೇ ಬಳಕೆ. ಸಂಜೆ ಉತ್ತರದ ಚೌಕದಲ್ಲಿ ಸಂಗೀತ ಕಾರಂಜಿ ಇದೆ, ಜನಜಂಗುಳಿ ವಿಪರೀತ. ಅದಕ್ಕಿಂತ ದಕ್ಷಿಣದ ಬೀದಿಯಲ್ಲಿ ತಾಂಗ್ ರಾಜವಂಶದ ಕಾಲದ ಉಡುಪು ತೊಟ್ಟು ಓಡಾಡುವ ಹುಡುಗಿಯರನ್ನು ನೋಡುವುದು ಖುಷಿ.

ಊಟದ ಚಿಂತೆ ಮಾಡುವ ಸಸ್ಯಾಹಾರಿಗಳು 'ವೋ ಚ್ರ್ ಸು' (ನಾನು ಸಸ್ಯಾಹಾರಿ) ಎನ್ನುವುದನ್ನು ಕಲಿತಿರಿ. ಲಿಯಾಂಗ್‌ಪಿ ಕೇಳಿ: ಅಗಲವಾದ ತಣ್ಣನೆಯ ಶ್ಯಾವಿಗೆ, ಸೌತೆಕಾಯಿ, ವಿನಿಗರ್, ಮೇಲೆ ಕೆಂಪು ಖಾರದೆಣ್ಣೆ. ಬ್ಯಾಡಗಿ ಖಾರಕ್ಕೆ ಒಗ್ಗಿದ ನಾಲಗೆಗೆ ಸರಿಯಾಗಿ ಹಿಡಿಸುತ್ತದೆ. ನಾವಿಬ್ಬರೂ ಎರಡೆರಡು ಬಟ್ಟಲು ತಿಂದೆವು.