ಮನೆ ಬಾಗಿಲಿಗೆ ಬರುವ ಇ-ತ್ಯಾಜ್ಯ ಸಂಗ್ರಹ ಸೇವೆ: ಕೆಲಸ ಅಚ್ಚುಕಟ್ಟು, ಲೆಕ್ಕ ಅಪೂರ್ಣ

ಬೆಂಗಳೂರಿನಲ್ಲಿ ಮನೆಗೇ ಬಂದು ಇ-ತ್ಯಾಜ್ಯ ಒಯ್ಯುವ ಖಾಸಗಿ ಸೇವೆಯೊಂದಕ್ಕೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿ, ಬ್ಯಾಟರಿ ಉಬ್ಬಿದ್ದ ಲ್ಯಾಪ್‌ಟಾಪ್ ಮತ್ತು ಒಂದು ಚೀಲದಷ್ಟು ಚಾರ್ಜರ್, ವೈರುಗಳನ್ನು ಕೊಟ್ಟೆವು.

ಬಂದ ಸಿಬ್ಬಂದಿಯ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆದ್ದಿರುವುದನ್ನು ಕಂಡ ಕೂಡಲೇ ಅದನ್ನು ಚೀಲಕ್ಕೆ ತುರುಕದೆ, ತಾವೇ ತಂದಿದ್ದ ಮರಳು ಹಾಕಿದ ಲೋಹದ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟರು. ಲಿಥಿಯಂ-ಅಯಾನ್ ಬ್ಯಾಟರಿ ಜಜ್ಜಿಹೋದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು; ಹಸಿ ಕಸ, ಒಣ ಕಸದ ಜೊತೆ ಅದನ್ನು ಹಾಕಿದರೆ ಅಪಾಯ ಪೌರಕಾರ್ಮಿಕರಿಗೆ.

ಟಿವಿಗೆ ಅವರು ಹಣ ಕೊಡಲಿಲ್ಲ, ಉಳಿದದ್ದಕ್ಕೂ ಗುಜರಿಯವರಿಗಿಂತ ಕಡಿಮೆಯೇ ಕೊಟ್ಟರು. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅಸಂಘಟಿತ ಗುಜರಿ ವ್ಯಾಪಾರದಲ್ಲಿ ತಾಮ್ರದ ಸುರುಳಿಗಾಗಿ ಟ್ಯೂಬನ್ನು ಒಡೆದು, ಸೀಸ ತುಂಬಿದ ಗಾಜನ್ನು ಸಿಕ್ಕಲ್ಲಿ ಸುರಿಯುತ್ತಾರೆ. ಪಿವಿಸಿ ಹೊದಿಕೆಯ ವೈರನ್ನು ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಬೆರೆತ ಹೊಗೆ ಏಳುತ್ತದೆ. ಸರ್ಕ್ಯೂಟ್ ಬೋರ್ಡಿನ ಚಿನ್ನಕ್ಕಾಗಿ ಬಳಸಿದ ಆಮ್ಲ ಮೋರಿ ಸೇರುತ್ತದೆ. ನಮ್ಮ ಕೈಗೆ ಬರುವ ಆ ಹೆಚ್ಚಿನ ಹಣಕ್ಕೆ ಬೆಲೆ ತೆರುವವರು ಅಲ್ಲಿ ಕೈಗವಸಿಲ್ಲದೆ ದುಡಿಯುವವರು ಮತ್ತು ಪಕ್ಕದಲ್ಲೇ ಆಡುವ ಅವರ ಮಕ್ಕಳು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ.

ನನ್ನ ತಕರಾರು ಇರುವುದು ರಸೀದಿಯ ಬಗ್ಗೆ. ಅದರಲ್ಲಿ ತೂಕ, ಬೆಲೆ ಇವೆ; ಸಾಮಾನು ಯಾವ ಮರುಬಳಕೆ ಘಟಕಕ್ಕೆ ಹೋಗುತ್ತದೆ ಎಂಬುದಿಲ್ಲ. ಕಚೇರಿಗೆ ಕರೆ ಮಾಡಿ ಕೇಳಿದರೂ 'ಅಧಿಕೃತ ಘಟಕಕ್ಕೆ' ಎಂಬುದರಾಚೆ ಉತ್ತರ ಸಿಗಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಲೇಬೇಕು; ಹಾಗಿರುವಾಗ ಹೆಸರು ಹೇಳಲು ಹಿಂಜರಿಕೆ ಏಕೆ? ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿಯೇ ಹೇಳಿರುವಾಗ ಗ್ರಾಹಕರು ಕೇಳುವುದು ಸಹಜ. ಇನ್ನೊಂದು ಕೊರತೆ: ಪಾದರಸವಿರುವ ಸಿಎಫ್‌ಎಲ್ ಬಲ್ಬುಗಳನ್ನು ಅವರು ಒಯ್ಯಲಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಬ್ಯಾಟರಿ ಉಬ್ಬಿದ ಸಾಧನವಿದ್ದರೆ ಖಂಡಿತ ಇವರನ್ನೇ ಕರೆಯಿರಿ, ಆದರೆ ಘಟಕದ ಹೆಸರನ್ನು ರಸೀದಿಯಲ್ಲಿ ಬರೆಸಿಕೊಂಡೇ ಸಾಮಾನು ಕೊಡಿ.