250 ರೂಪಾಯಿಯ ‘ಲೈಫ್‌ಟೈಮ್’ ಗೇಮ್ ಕೊಳ್ಳುವ ಮುಂಚೆ ಇದನ್ನು ಓದಿ

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಮೂರೂವರೆ ಸಾವಿರ ರೂಪಾಯಿಗೂ ಜಾಸ್ತಿ ಇರುವ ಗೇಮನ್ನು 250ಕ್ಕೆ ಕೊಡ್ತೀವಿ, ಆಫ್‌ಲೈನ್ ಆಕ್ಟಿವೇಶನ್, ಲೈಫ್‌ಟೈಮ್ ಗ್ಯಾರಂಟಿ ಅಂತ ಜಾಹೀರಾತು ಹಾಕುವ ಪೇಜ್‌ಗಳನ್ನು ನೀವೂ ನೋಡಿರುತ್ತೀರಿ. ಪಿಸಿ ಗೇಮ್‌ಗಳ ನಾಲ್ಕು ವಿಡಿಯೋ ನೋಡಿದರೆ ಸಾಕು, ಐದನೆಯದು ಇವರದ್ದೇ. ಅಂಥ ಒಂದು ಪೇಜಿನಿಂದ ನನ್ನ ತಮ್ಮ ಗೇಮ್ ತೆಗೆದುಕೊಂಡ. ಅವನ ದುಡ್ಡು ಹೋಯಿತು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅವನಿಗೆ ಗೇಮ್ ಸಿಕ್ಕಿತು, ಕೆಲವು ವಾರ ಚೆನ್ನಾಗಿಯೇ ಆಡಿದ. ಏಟು ಬಿದ್ದದ್ದು ಏನನ್ನೂ ಕೊಳ್ಳದ ನಮಗೆ, ಅಂದರೆ ನನಗೆ ಮತ್ತು ಅಪ್ಪನಿಗೆ. ಪೇಜಿನ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ನಾಳೆ ಬೇರೆ ಹೆಸರಲ್ಲಿ ಬರುತ್ತಾರೆ.

ಪಿಸಿ ಇರುವುದು ಶಿವಮೊಗ್ಗದ ಮನೆಯಲ್ಲಿ. ನಾನು ಬೆಂಗಳೂರಿನಲ್ಲಿ. ಊರಿಗೆ ಹೋದಾಗ ಆಡೋಣ ಅಂತ ನನ್ನ ಸ್ಟೀಮ್ ಖಾತೆ ಅದರಲ್ಲಿ ಸದಾ ಲಾಗಿನ್ ಆಗಿಯೇ ಇರುತ್ತದೆ. ಅದೇ ಪಿಸಿಯ ಬ್ರೌಸರ್‌ನಲ್ಲಿ ಅಪ್ಪನ ಜಿಮೇಲ್, ವಿದ್ಯುತ್ ಬಿಲ್, ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಎಲ್ಲ ಉಂಟು. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಒಂದೇ ಪಿಸಿ, ಎಲ್ಲರ ಬದುಕೂ ಅದರೊಳಗೆ.

ತಮ್ಮನಿಗೆ ಬೇಕಿದ್ದದ್ದು ಬ್ಲ್ಯಾಕ್ ಮಿಥ್: ವುಕಾಂಗ್. 2024ರ ಆಗಸ್ಟ್‌ನಲ್ಲಿ ಬಂದ ಚೀನಾದ ಗೇಮ್. ಆಸೆ ಪಟ್ಟದ್ದರಲ್ಲಿ ತಪ್ಪಿಲ್ಲ. ಆ ಗೇಮಿನ ಬಾಸ್ ಕಾಳಗಗಳು, ಅಂದರೆ ದೊಡ್ಡ ಶತ್ರುಗಳ ಜೊತೆಗಿನ ಹೋರಾಟಗಳು, ನಿಜಕ್ಕೂ ಅದ್ಭುತ. ಆದರೆ ದಾರಿ ತೆರೆದಿರುವಂತೆ ಕಾಣುವ ಕಡೆ ಕಣ್ಣಿಗೆ ಕಾಣದ ಗೋಡೆ ಇಟ್ಟು ಪದೇ ಪದೇ ತಲೆ ಕುಟ್ಟಿಸುತ್ತದೆ. ಅನ್‌ರಿಯಲ್ ಎಂಜಿನ್ 5 ಅನ್ನುವ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ್ದರಿಂದ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. 130 ಜಿಬಿ ಜಾಗ ಬೇರೆ ಬೇಕು. ನಿಮ್ಮ ಪಿಸಿ ತಡೆಯುತ್ತದೋ ಇಲ್ಲವೋ ನೋಡಲು ಸ್ಟೀಮ್‌ನಲ್ಲಿ ಅದರ ಬೆಂಚ್‌ಮಾರ್ಕ್ ಟೂಲ್ ಉಚಿತವಾಗಿ ಸಿಗುತ್ತದೆ. ಮೊದಲು ಅದನ್ನು ಓಡಿಸಿ ನೋಡಿ, ಎಷ್ಟೋ ಜನರ ಆಸೆ ಅಲ್ಲೇ ಇಳಿಯುತ್ತದೆ.

ಈಗ ಈ ‘ಆಫ್‌ಲೈನ್ ಆಕ್ಟಿವೇಶನ್’ ಅಂದರೆ ಏನು ಅಂತ ಹೇಳುತ್ತೇನೆ. ಮಾರುವವನು ಯಾವುದೋ ಒಂದು ಸ್ಟೀಮ್ ಖಾತೆಯಲ್ಲಿ ಗೇಮನ್ನು ಒಂದು ಸಲ ಕೊಂಡಿರುತ್ತಾನೆ. ಆ ಖಾತೆಯ ಹೆಸರು, ಪಾಸ್‌ವರ್ಡ್ ಸಿಕ್ಕಸಿಕ್ಕವರಿಗೆಲ್ಲ ಮಾರುತ್ತಾನೆ. ನೀವು ಲಾಗಿನ್ ಆಗಬೇಕು, ಗೇಮ್ ಇಳಿಸಿಕೊಳ್ಳಬೇಕು, ಒಂದು ಸಲ ಓಪನ್ ಮಾಡಬೇಕು, ಆಮೇಲೆ ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ ಮತ್ತೆಂದೂ ಆನ್‌ಲೈನ್ ಹೋಗಬಾರದು. ಹೋದರೆ ‘ಗ್ಯಾರಂಟಿ’ ರದ್ದು. ಖಾತೆಯನ್ನು ಮಾರುವುದಾಗಲಿ ಹಂಚುವುದಾಗಲಿ ಸ್ಟೀಮ್‌ನ ಒಪ್ಪಂದದಲ್ಲಿ ನಿಷಿದ್ಧ. ಎಷ್ಟೋ ಸಲ ಆ ಖಾತೆಯೇ ಕದ್ದ ಮಾಲು.

ವುಕಾಂಗ್‌ನಂಥ ದೊಡ್ಡ ಗೇಮ್‌ಗಳಲ್ಲಿ ನಕಲು ತಡೆಯಲು ಡೆನುವೊ ಅನ್ನುವ ರಕ್ಷಣೆ ಇರುತ್ತದೆ. ಅದು ನಿಮ್ಮ ಪಿಸಿಗೆ ಅಂತಲೇ ಒಂದು ಟೋಕನ್, ಅಂದರೆ ಅನುಮತಿ ಚೀಟಿ, ಕೊಡುತ್ತದೆ. ಇಂಥ ಗೇಮ್‌ಗಳ ಸ್ಟೀಮ್ ಪುಟದಲ್ಲೇ ಬರೆದಿರುತ್ತದೆ: ಒಂದು ದಿನಕ್ಕೆ 5 ಬೇರೆ ಬೇರೆ ಪಿಸಿ, ಅಷ್ಟೇ. ಹಾಗಾಗಿ ಒಂದೇ ಖಾತೆಯನ್ನು ಊರಿಗೆಲ್ಲ ಮಾರಿದವನು ‘ಇವತ್ತು ಸ್ಲಾಟ್ ಖಾಲಿ ಇಲ್ಲ ಬ್ರೋ, ನಾಳೆ ಬಾ’ ಅನ್ನುತ್ತಾನೆ. ಅಷ್ಟೇ ಆದರೆ ಪರವಾಗಿಲ್ಲ. ವಿಂಡೋಸ್‌ಗೆ ದೊಡ್ಡ ಅಪ್‌ಡೇಟ್ ಬಂದರೆ, ಗೇಮಿಗೆ ಪ್ಯಾಚ್ ಬಂದರೆ, ನೀವು ಪಿಸಿಯ ಯಾವುದೋ ಭಾಗ ಬದಲಾಯಿಸಿದರೆ ಟೋಕನ್ ಕೆಲಸಕ್ಕೆ ಬಾರದೆ ಹೋಗಬಹುದು. ಆಗ ಮತ್ತೆ ಅವನ ಬಾಗಿಲಿಗೇ ಹೋಗಬೇಕು. ಲೈಫ್‌ಟೈಮ್ ಅಂದರೆ ಇಷ್ಟೇ.

(ಡೆನುವೊ ಬಗ್ಗೆ ನನಗೇನೂ ಪ್ರೀತಿ ಇಲ್ಲ. ದುಡ್ಡು ಕೊಟ್ಟವನನ್ನೇ ಕಳ್ಳನ ಹಾಗೆ ನೋಡುವ ತಂತ್ರಾಂಶ ಅದು. ಆ ಜಗಳ ಇನ್ನೊಂದು ದಿನ ಆಡೋಣ.)

ತಮ್ಮನ ವಿಷಯದಲ್ಲೂ ಹೀಗೇ ಆಯಿತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗೇಮ್ ಓಪನ್ ಆಗಲಿಲ್ಲ. ಮಾರಿದವನಿಗೆ ಮೆಸೇಜ್ ಹಾಕಿದ. ಆ ಕಡೆಯವನು ಬಹಳ ಮರ್ಯಾದೆಯಿಂದಲೇ ಮಾತಾಡಿದ. ಹಳೆಯ ವಿಧಾನ ಈಗ ಇಲ್ಲ, ಹೊಸದು ಬಂದಿದೆ, ಇನ್ನು ನಿನ್ನ ಸ್ವಂತ ಖಾತೆಯ ಲೈಬ್ರರಿಯಲ್ಲೇ ಗೇಮ್ ಕಾಣಿಸುತ್ತದೆ, ಎಕ್ಸ್‌ಟ್ರಾ ದುಡ್ಡು ಬೇಡ ಅಂದ. ಮಾಡಬೇಕಾದದ್ದು ಇಷ್ಟೇ: ವಿಂಡೋಸ್‌ಗೆ ಟೈಪ್ ಮಾಡಿ ಆದೇಶ ಕೊಡುವ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಒಂದು ಸಾಲು ಪೇಸ್ಟ್ ಮಾಡಿ ಎಂಟರ್ ಒತ್ತುವುದು.

ಆ ಒಂದು ಸಾಲನ್ನು ಎಲ್ಲೇ ನೋಡಿದರೂ ಗುರುತಿಸಿ. ಸಾಮಾನ್ಯವಾಗಿ ‘ಐಆರ್‌ಎಂ’ (irm) ಎಂಬ ಮೂರಕ್ಷರದಿಂದ ಶುರುವಾಗುತ್ತದೆ, ನಡುವೆ ಯಾವುದೋ ವೆಬ್ ವಿಳಾಸ, ಒಂದು ನಿಂತ ಗೆರೆ (|), ಕೊನೆಗೆ ‘ಐಇಎಕ್ಸ್’ (iex). ಮೊದಲನೆಯದು ಆ ವಿಳಾಸದಲ್ಲಿ ಇರುವ ಬರಹವನ್ನು ಇಳಿಸಿಕೊಳ್ಳುತ್ತದೆ. ಕೊನೆಯದು ಅದನ್ನು ನಿಮಗೆ ತೋರಿಸದೆಯೇ ಅಲ್ಲೇ ಓಡಿಸುತ್ತದೆ. ವಿಂಡೋಸ್‌ನವರು ಇದನ್ನು ಕೆಟ್ಟದ್ದಕ್ಕೆ ಅಂತ ಮಾಡಿದ್ದಲ್ಲ, ಸಿಸ್ಟಂ ನೋಡಿಕೊಳ್ಳುವವರು ದಿನವೂ ಬಳಸುತ್ತಾರೆ. ಆದರೆ ಆ ವಿಳಾಸದಲ್ಲಿ ಬೆಳಿಗ್ಗೆ ಒಂದು ಬರಹ, ಸಂಜೆ ಇನ್ನೊಂದು ಇಡಬಹುದು. ಬೇರೆಯವರು ಓಡಿಸಿ ‘ನನಗೇನೂ ಆಗಲಿಲ್ಲ’ ಅಂದರು ಅಂತ ನಿಮಗೂ ಆಗುವುದಿಲ್ಲ ಎನ್ನುವಂತಿಲ್ಲ.

ನಮ್ಮ ಪಿಸಿಯಲ್ಲಿ ಅದು ಮಾಡಿದ ಮೊದಲ ಕೆಲಸ, ಇಡೀ ಸಿ ಡ್ರೈವನ್ನು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್‌ನ ‘ಎಕ್ಸ್‌ಕ್ಲೂಷನ್’ ಪಟ್ಟಿಗೆ ಸೇರಿಸಿದ್ದು. ಅಂದರೆ ಇಲ್ಲಿ ಏನಿದ್ದರೂ ನೋಡಬೇಡ ಅಂತ ಕಾವಲುಗಾರನಿಗೆ ಹೇಳಿದ್ದು. ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದ್ದು ಇದಕ್ಕೇ. ಆಮೇಲೆ ಸ್ಟೀಮ್ ಫೋಲ್ಡರ್‌ಗೆ ಒಂದು ಡಿಎಲ್‌ಎಲ್ ಫೈಲ್ ಹಾಕಿತು. ಕೊಳ್ಳದ ಗೇಮ್ ಕೂಡ ಕೊಂಡ ಹಾಗೆ ಲೈಬ್ರರಿಯಲ್ಲಿ ಕಾಣಿಸುವುದು ಈ ಫೈಲಿನಿಂದ. ತಮ್ಮನಿಗೆ ಖುಷಿ, ಕೆಲಸ ಆಯಿತಲ್ಲ ಅಂತ. ಅದರ ಜೊತೆಗೇ ಇನ್ನೊಂದು ಪ್ರೋಗ್ರಾಂ ಬಂದು ಕೂತಿತ್ತು. ಇಂಥವನ್ನು ಇನ್ಫೋಸ್ಟೀಲರ್ ಅನ್ನುತ್ತಾರೆ.

ಇನ್ಫೋಸ್ಟೀಲರ್ ಪಿಸಿಯನ್ನು ಹಾಳು ಮಾಡುವುದಿಲ್ಲ. ಪರದೆ ಮೇಲೆ ತಲೆಬುರುಡೆ ಬರುವುದಿಲ್ಲ, ಪಿಸಿ ನಿಧಾನವೂ ಆಗುವುದಿಲ್ಲ. ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳು, ಸೈಟುಗಳು ನಿಮ್ಮನ್ನು ಗುರುತಿಸಲು ಇಟ್ಟಿರುವ ಕುಕೀಗಳು, ಚಾಟ್ ಆ್ಯಪ್ ಡಿಸ್ಕಾರ್ಡ್ ಮತ್ತು ಸ್ಟೀಮ್‌ನ ಲಾಗಿನ್ ಟೋಕನ್‌ಗಳು, ಇವನ್ನೆಲ್ಲ ಗುಡ್ಡೆ ಹಾಕಿ ಕಳಿಸಿಬಿಡುತ್ತದೆ. ಎಷ್ಟೋ ಸಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ‘ನನಗೆ ಸ್ಟೀಮ್ ಗಾರ್ಡ್ ಇದೆ, ಫೋನಿಗೆ ಕೋಡ್ ಬರುತ್ತೆ’ ಅಂತ ಧೈರ್ಯ ಪಡುವವರಿಗೆ ಹೇಳುತ್ತೇನೆ, ನನಗೂ ಇತ್ತು. ಕೋಡ್ ಕೇಳುವುದು ಹೊಸದಾಗಿ ಲಾಗಿನ್ ಆಗುವಾಗ ಮಾತ್ರ. ಇವರು ಕದ್ದದ್ದು ಆಗಲೇ ಲಾಗಿನ್ ಆಗಿದ್ದಕ್ಕೆ ಗುರುತಾಗಿರುವ ಟೋಕನ್. ವಸ್ತುಪ್ರದರ್ಶನದಲ್ಲಿ ಟಿಕೆಟ್ ತೋರಿಸಿದವರ ಕೈಗೆ ಸೀಲ್ ಹಾಕುತ್ತಾರಲ್ಲ, ಆ ಸೀಲನ್ನೇ ಎತ್ತಿಕೊಂಡು ಹೋದ ಹಾಗೆ. ಬಾಗಿಲಲ್ಲಿ ಯಾರೂ ಮತ್ತೆ ಟಿಕೆಟ್ ಕೇಳುವುದಿಲ್ಲ.

ನನಗೆ ಮೊದಲು ಗೊತ್ತಾದದ್ದು ಗೆಳೆಯರಿಂದ. ‘ಏನೋ ಇದು, ಯಾವ ಗೇಮಿಗೆ ವೋಟ್ ಹಾಕು ಅಂತಿದ್ದೀಯ?’ ಅಂತ ಒಂದೇ ಸಂಜೆ ಒಬ್ಬರ ಹಿಂದೆ ಒಬ್ಬರು ಕೇಳಿದರು. ನನ್ನ ಖಾತೆಯಿಂದ ಎಲ್ಲರಿಗೂ ಲಿಂಕ್ ಹೋಗಿತ್ತು. ತಮ್ಮನ ಇನ್‌ಸ್ಟಾಗ್ರಾಂನಲ್ಲಿ ಕ್ರಿಪ್ಟೊ ಜಾಹೀರಾತು. ಅಪ್ಪನ ಜಿಮೇಲ್‌ನಿಂದ ಅವರಿಗೇ ಗೊತ್ತಿಲ್ಲದ ಸೈಟುಗಳಿಗೆ ಪಾಸ್‌ವರ್ಡ್ ರೀಸೆಟ್ ಕೋರಿಕೆಗಳು. ಒಟಿಪಿ ಅಪ್ಪನ ಹಳೆಯ ಬಟನ್ ಫೋನಿಗೆ ಬರುತ್ತಿದ್ದುದರಿಂದ ಬ್ಯಾಂಕಿನ ದುಡ್ಡು ಉಳಿಯಿತು. ಆ ಫೋನನ್ನು ಬದಲಾಯಿಸು ಅಂತ ನಾನೇ ಎಷ್ಟೋ ಸಲ ಜಗಳ ಆಡಿದ್ದೆ!

ನನ್ನ ಹೊಟ್ಟೆ ಉರಿಸಿದ್ದು ಬೇರೆ. ಯಾರೋ ನನ್ನ ಖಾತೆಯಲ್ಲಿ ಕೌಂಟರ್-ಸ್ಟ್ರೈಕ್ 2 ಅನ್ನುವ ಶೂಟಿಂಗ್ ಗೇಮ್ ಆಡಿದ್ದರು, ಚೀಟ್ ಹಾಕಿಕೊಂಡು. ಚೀಟ್ ಹಿಡಿಯುವ ಸ್ಟೀಮ್‌ನ ವ್ಯವಸ್ಥೆಯಿಂದ ವ್ಯಾಕ್ ಬ್ಯಾನ್ ಬಿತ್ತು. ಖಾತೆ ವಾಪಸ್ ಸಿಕ್ಕಿತು, ಬ್ಯಾನ್ ಹೋಗಲಿಲ್ಲ. ಹೋಗುವುದೂ ಇಲ್ಲ. ವ್ಯಾಕ್ ಬ್ಯಾನ್ ಶಾಶ್ವತ, ಸಪೋರ್ಟ್‌ನವರು ತೆಗೆಯುವುದಿಲ್ಲ, ಖಾತೆಯ ಜವಾಬ್ದಾರಿ ಅದರ ಮಾಲೀಕನದೇ ಅನ್ನುವುದು ಅವರ ಲಿಖಿತ ನಿಯಮ. ಆಡುವಾಗ ಸಂಪಾದಿಸಿದ ಸ್ಕಿನ್‌ಗಳನ್ನು, ಅಂದರೆ ಗೇಮಿನ ಬಂದೂಕುಗಳ ಬಣ್ಣ-ಅಲಂಕಾರಗಳನ್ನು, ಇನ್ನು ಮಾರುವಂತಿಲ್ಲ, ಕೊಡುವಂತಿಲ್ಲ. ಪ್ರೊಫೈಲ್ ತೆರೆದವರಿಗೆಲ್ಲ ಬ್ಯಾನ್ ಅನ್ನುವ ಸಾಲು ಕಾಣುತ್ತದೆ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಹಳೆಯ ಕೌಂಟರ್-ಸ್ಟ್ರೈಕ್ 1.6 ಆಡಿದ ಕಾಲದಿಂದ ಒಂದು ಸಲವೂ ಚೀಟ್ ಮಾಡದವನು ನಾನು. ಈಗ ಹೊಸ ಟೀಮಿನವರು ಸೇರಿಸಿಕೊಳ್ಳುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಅವರದ್ದೂ ತಪ್ಪಲ್ಲ.

ಇದನ್ನೆಲ್ಲ ಗೆಳೆಯರ ಗುಂಪಿನಲ್ಲಿ ಹೇಳಿದಾಗ ಒಬ್ಬ ‘ನಾವೆಲ್ಲ ನ್ಯಾಷನಲ್ ಮಾರ್ಕೆಟ್‌ನ ಕಳ್ಳ ಡಿವಿಡಿಯಲ್ಲೇ ಬೆಳೆದವರು, ಏನಾಯಿತು ಈಗ?’ ಅಂದ. ನಿಜ, ಮೆಜೆಸ್ಟಿಕ್ ಹತ್ತಿರದ ಆ ಅಂಗಡಿಗಳಿಂದ ವೈಸ್ ಸಿಟಿ, ಐಜಿಐ ಗೇಮ್‌ಗಳನ್ನು ತಂದವರಲ್ಲಿ ನಾನೂ ಒಬ್ಬ. ಆದರೆ ಆಗ ಪಿಸಿಯಲ್ಲಿ ಕದಿಯಲು ಇದ್ದದ್ದು ಏನು? ಜಾಸ್ತಿ ಅಂದರೆ ವೈರಸ್ ಬಂದು ಫಾರ್ಮ್ಯಾಟ್ ಮಾಡಬೇಕಿತ್ತು. ಈಗ ಬ್ರೌಸರ್‌ನಲ್ಲಿ ಇಡೀ ಮನೆಯೇ ಇದೆ.

‘ಸ್ಟೀಮ್‌ನಿಂದಲೇ ಇಳಿಸಿದರೆ ಸೇಫ್ ತಾನೆ’ ಅನ್ನುವುದೂ ಪೂರ್ತಿ ನಿಜವಲ್ಲ. 2025ರ ಫೆಬ್ರವರಿಯಲ್ಲಿ ಪೈರೇಟ್‌ಫೈ ಅನ್ನುವ ಉಚಿತ ಗೇಮ್ ಸ್ಟೀಮ್ ಒಳಗೇ ಬಂದು ಇದೇ ತರಹ ಮಾಹಿತಿ ಕದಿಯಿತು. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಅದನ್ನು ತೆಗೆದುಹಾಕಿ, ಆಡಿದವರಿಗೆ ವಿಂಡೋಸನ್ನೇ ಹೊಸದಾಗಿ ಹಾಕಿಕೊಳ್ಳುವುದನ್ನು ಯೋಚಿಸಿ ಅಂತ ತಿಳಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಲಾಕ್‌ಬ್ಲಾಸ್ಟರ್ಸ್ ಅನ್ನುವ ಇನ್ನೊಂದು. ಯಾರೂ ಹೆಸರು ಕೇಳಿರದ, ಐದಾರು ರಿವ್ಯೂ ಮಾತ್ರ ಇರುವ ಉಚಿತ ಗೇಮ್ ಅಂದರೆ ನಾನು ಈಗ ಮುಟ್ಟುವುದಿಲ್ಲ. ಪರಿಚಯದವರು ‘ನನ್ನ ಗೇಮ್ ಟೆಸ್ಟ್ ಮಾಡಿಕೊಡು’ ಅಂತ ಡಿಸ್ಕಾರ್ಡ್‌ನಲ್ಲಿ ಫೈಲ್ ಕಳಿಸಿದರೆ ಮೊದಲು ಫೋನ್ ಮಾಡಿ ಕೇಳುತ್ತೇನೆ.

ಬೆಲೆ ಜಾಸ್ತಿ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಕಾಲೇಜು ಹುಡುಗನಿಗೆ ಒಂದು ಗೇಮಿಗೆ ಮೂರೂವರೆ ಸಾವಿರ ಅಂದರೆ ತಮಾಷೆಯಲ್ಲ. ದುಡ್ಡು ಕೊಟ್ಟರೂ ಗೇಮ್ ನಿಮ್ಮದಾಗುತ್ತದೆ ಅಂತಲೂ ಇಲ್ಲ. 2014ರಲ್ಲಿ ಬಂದ ದಿ ಕ್ರೂ ಗೇಮಿನ ಸರ್ವರ್‌ಗಳನ್ನು ಯುಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ಮುಚ್ಚಿತು, ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಕಂಪನಿಗಳ ಮೇಲಿನ ಸಿಟ್ಟು ನನಗೂ ಇದೆ. ಆ ಸಿಟ್ಟಿಗೆ ಅಪ್ಪನ ಜಿಮೇಲನ್ನು ಅಪರಿಚಿತನಿಗೆ ಕೊಡುವುದು ಯಾವ ನ್ಯಾಯ?

ಕಡಿಮೆ ದುಡ್ಡಲ್ಲಿ ಆಡಲು ದಾರಿಗಳು ಇಲ್ಲದಿಲ್ಲ. ಕಾಯಿರಿ, ಅದೇ ದೊಡ್ಡ ದಾರಿ. ಸೈಬರ್‌ಪಂಕ್ 2077 2020ರ ಡಿಸೆಂಬರ್‌ನಲ್ಲಿ ಬಂದಾಗ ಎಷ್ಟು ಕೆಟ್ಟಿತ್ತು ಅಂದರೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಆದ ಮೇಲೆ ಅದು ನಾನು ಆಡಿದ ಅತಿ ಒಳ್ಳೆಯ ಗೇಮ್‌ಗಳಲ್ಲಿ ಒಂದು. ಮೊದಲ ದಿನ ಪೂರ್ತಿ ಬೆಲೆ ಕೊಟ್ಟವರಿಗೆ ಕೆಟ್ಟದ್ದು ಸಿಕ್ಕಿತು, ಕಾದವರಿಗೆ ಅರ್ಧ ಬೆಲೆಗೆ ಒಳ್ಳೆಯದು. ಪ್ರೀ-ಆರ್ಡರ್ ಅಂತೂ ಯಾರೂ ಮಾಡಬೇಡಿ. ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮಿನ ಇನ್‌ಸ್ಟಾಲರ್ ಇಳಿಸಿ ನಿಮ್ಮ ಹಾರ್ಡ್ ಡಿಸ್ಕಲ್ಲೇ ಇಟ್ಟುಕೊಳ್ಳಬಹುದು, ಯಾವ ಬೀಗವೂ ಇರುವುದಿಲ್ಲ. ಎಪಿಕ್ ಅನ್ನುವ ಇನ್ನೊಂದು ಅಂಗಡಿ 2018ರಿಂದ ಉಚಿತವಾಗಿ ಗೇಮ್ ಕೊಡುತ್ತಲೇ ಇದೆ, 2020ರಲ್ಲಿ ಜಿಟಿಎ 5 ಕೂಡ ಕೊಟ್ಟಿತ್ತು. ಅವರ ಲಾಂಚರ್ ನನಗೆ ಒಂಚೂರೂ ಇಷ್ಟವಿಲ್ಲ, ಆದರೆ ಉಚಿತದ ಮುಂದೆ ಸುಮ್ನಿರುತ್ತೇನೆ. ಸ್ಟೀಮ್‌ನಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ.

ಒಂದೇ ಮನೆಯವರಿಗೆ ಸ್ಟೀಮ್ ಫ್ಯಾಮಿಲೀಸ್ ಅನ್ನುವ ಸೌಲಭ್ಯ ಇದೆ. ಒಟ್ಟು 6 ಜನ ತಮ್ಮ ತಮ್ಮ ಖಾತೆಯಿಂದಲೇ ಒಬ್ಬರ ಗೇಮನ್ನು ಇನ್ನೊಬ್ಬರು ಆಡಬಹುದು, ಅದೂ ಪೂರ್ತಿ ನಿಯಮದ ಪ್ರಕಾರ. ಗೆಳೆಯರನ್ನೆಲ್ಲ ತುಂಬಿಸಿಕೊಳ್ಳಬೇಡಿ. ಅವರಲ್ಲಿ ಒಬ್ಬ ನಿಮ್ಮ ಗೇಮಿನಲ್ಲಿ ಚೀಟ್ ಮಾಡಿದರೆ ನಿಮಗೂ ಬ್ಯಾನ್ ಬೀಳುತ್ತದೆ.

ಪವರ್‌ಶೆಲ್‌ನ ಆ ಸಾಲನ್ನು ಆಗಲೇ ಪೇಸ್ಟ್ ಮಾಡಿ ಆಗಿದೆ ಅನ್ನುವವರು ಇದನ್ನು ಓದುತ್ತಿದ್ದರೆ, ಮೊದಲು ಆ ಪಿಸಿಯ ಇಂಟರ್‌ನೆಟ್ ಕಿತ್ತುಹಾಕಿ. ಅದೇ ಪಿಸಿಯಲ್ಲಿ ಕೂತು ಪಾಸ್‌ವರ್ಡ್ ಬದಲಾಯಿಸಬೇಡಿ, ಹೊಸದೂ ಅವರಿಗೇ ಹೋಗಬಹುದು. ಫೋನಿನಿಂದ ಬದಲಾಯಿಸಿ. ಇಮೇಲ್ ಮೊದಲು, ಆಮೇಲೆ ಬ್ಯಾಂಕ್, ಗೇಮ್‌ಗಳು ಕೊನೆಗೆ. ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆ ಒತ್ತಿ, ಆಗಲೇ ಕದ್ದ ಟೋಕನ್ ಸಾಯುವುದು. ಸ್ಟೀಮ್‌ನಲ್ಲಿ ನೀವು ಮಾಡಿರದ ಎಪಿಐ ಕೀ (ಹೊರಗಿನ ಪ್ರೋಗ್ರಾಂಗಳು ನಿಮ್ಮ ಖಾತೆಯ ಜೊತೆ ವ್ಯವಹರಿಸಲು ಬಿಡುವ ಗುಪ್ತ ಸಂಕೇತ) ಇದೆಯಾ ನೋಡಿ, ಇದ್ದರೆ ಅಳಿಸಿ. ಕೌಂಟರ್-ಸ್ಟ್ರೈಕ್ ವಸ್ತುಗಳು ಟ್ರೇಡ್ ಆಗಿ ಹೋಗಿದ್ದರೆ 7 ದಿನದೊಳಗೆ ಟ್ರೇಡ್ ಹಿಂತಿರುಗಿಸಬಹುದು, 2025ರ ಜುಲೈನಿಂದ ಆ ಸೌಲಭ್ಯ ಇದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಆಂಟಿವೈರಸ್ ಓಡಿಸಿ ‘ಏನೂ ಸಿಗಲಿಲ್ಲ’ ಅಂತ ನಂಬಿ ಕೂರಬೇಡಿ, ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಇರುವುದನ್ನು ಡಿಫೆಂಡರ್ ನೋಡುವುದೇ ಇಲ್ಲ. ಫೋಟೋ, ಕಡತಗಳನ್ನು ಮಾತ್ರ ಉಳಿಸಿಕೊಂಡು, ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ತಯಾರು ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿ. ಇನ್‌ಸ್ಟಾಲ್ ಮಾಡುವಾಗ ಹಳೆಯ ಪಾರ್ಟಿಶನ್‌ಗಳನ್ನು ಅಳಿಸಿಯೇ ಮುಂದೆ ಹೋಗಿ.